ಅಡಿಕೆ ಅಧ್ಯಯನ: ಬೇಡದ ಉತ್ತರವನ್ನು ಹೇಳುವ ಧೈರ್ಯ ವಿಜ್ಞಾನಿಗೆ ಎಲ್ಲಿಂದ ಬರುತ್ತದೆ?

ಕಳೆದ ಒಂದೆರಡು ವರ್ಷಗಳಲ್ಲಿ ಅಡಿಕೆಯ ಬಗ್ಗೆ ಬಂದ ಸುದ್ದಿಗಳನ್ನು ಸಾಲಾಗಿ ಜೋಡಿಸಿ ಓದಿದರೆ ದಕ್ಷಿಣ ಕನ್ನಡ, ಉಡುಪಿಯ ಓದುಗರಿಗೆ ತಲೆ ಕೆಡುವುದು ಸಹಜ. 2024ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಅಂದರೆ ಐಎಆರ್‌ಸಿ, ಒಂದು ಲೆಕ್ಕ ಪ್ರಕಟಿಸಿತು. 2022ರಲ್ಲಿ ಜಗತ್ತಿನಲ್ಲಿ ಪತ್ತೆಯಾದ ಸುಮಾರು 3.9 ಲಕ್ಷ ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ 1.2 ಲಕ್ಷಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣ, ಅವುಗಳಲ್ಲಿ 83 ಸಾವಿರಕ್ಕೂ ಹೆಚ್ಚು ಭಾರತದವು ಎಂಬುದು ಅದರ ಸಾರ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಡಿಕೆ ಹಾಳೆಯ ತಟ್ಟೆಗಳ ಮೇಲೂ ಕಣ್ಣು ಹಾಕಿತು. ಹಾಳೆಯಲ್ಲಿರುವ ಸಸ್ಯ ರಾಸಾಯನಿಕಗಳಾದ ಆಲ್ಕಲಾಯ್ಡ್‌ಗಳು ಊಟಕ್ಕೆ ಇಳಿಯಬಹುದು ಎಂಬುದು ಅದರ ಆಕ್ಷೇಪ. ಇದೇ ಹೊತ್ತಿನಲ್ಲಿ, ಹಲವು ರಾಷ್ಟ್ರೀಯ ಸಂಸ್ಥೆಗಳು ಸೇರಿ ಅಡಿಕೆ ಮತ್ತು ಆರೋಗ್ಯದ ಬಗ್ಗೆ ಅಧ್ಯಯನ ನಡೆಸಲು ಕೇಂದ್ರ ಸರ್ಕಾರ ಹಣ ಕೊಟ್ಟಿತು. ಅಡಿಕೆ ಹಾನಿಕರವಲ್ಲ ಎಂದು ಈ ಅಧ್ಯಯನ ಸಾಬೀತುಪಡಿಸುತ್ತದೆ ಎಂದು ಊರಿನ ಸಭೆಗಳಲ್ಲಿ ಭಾಷಣಗಳೂ ಆದವು.

ಒಂದು ಕಡೆ ದೇರಳಕಟ್ಟೆ, ಮಣಿಪಾಲದ ದಂತ ವೈದ್ಯರು ಅಡಿಕೆ ಜಗಿಯಬೇಡಿ ಎನ್ನುತ್ತಾರೆ. ಇನ್ನೊಂದು ಕಡೆ ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ಹೆಚ್ಚು ಇಳುವರಿ ಕೊಡುವ ಅಡಿಕೆ ತಳಿಗಳನ್ನು ಬೆಳೆಸುತ್ತಾರೆ. ಇಬ್ಬರೂ ವಿಜ್ಞಾನಿಗಳೇ. ಎಷ್ಟೋ ಸಲ ಇಬ್ಬರೂ ಒಂದೇ ಮನೆಯವರು, ಆ ಮನೆಯ ಹಿಂದೆ ಅಡಿಕೆ ತೋಟವೂ ಇರುತ್ತದೆ. ಹಾಗಾಗಿ ಜನ ಕೇಳುತ್ತಿರುವ ಪ್ರಶ್ನೆ ಅಡಿಕೆಯೊಂದಕ್ಕೇ ಸೇರಿದ್ದಲ್ಲ. ಸರ್ಕಾರ ಹಣ ಕೊಟ್ಟು, ಬೆಳೆಗಾರರು ಕಾದು ಕುಳಿತು, ಸ್ವಂತ ಬಂಧುಗಳ ಬದುಕೇ ಅದರ ಮೇಲೆ ನಿಂತಿರುವಾಗ ವಿಜ್ಞಾನಿ ಕಂಡದ್ದನ್ನು ಕಂಡಂತೆ ಹೇಳುತ್ತಾನೆ ಎಂದು ಹೇಗೆ ನಂಬುವುದು? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮೊದಲು ಅಡಿಕೆಯ ಕಥೆಯನ್ನು, ಆಮೇಲೆ ವಿಜ್ಞಾನ ತನ್ನನ್ನು ಕಸುಬಾಗಿ ಹಿಡಿದವರ ಸ್ವಭಾವವನ್ನು ಹೇಗೆ ತಿದ್ದುತ್ತದೆ ಎಂಬುದನ್ನು ನೋಡಬೇಕು.

ಐಎಆರ್‌ಸಿ ಹೇಳಿದ್ದೇನು

ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಈ ಸಂಸ್ಥೆ ಅಡಿಕೆಯ ವಿಚಾರದಲ್ಲಿ ಒಮ್ಮೆಲೇ ತೀರ್ಪು ಕೊಟ್ಟದ್ದಲ್ಲ. 1985ರಲ್ಲಿ ಅದರ ತಜ್ಞರು ಹೇಳಿದ್ದು ಇಷ್ಟೇ: ತಂಬಾಕು ಸೇರಿಸಿದ ಎಲೆಯಡಿಕೆ ಕ್ಯಾನ್ಸರ್‌ಕಾರಕ, ತಂಬಾಕು ಇಲ್ಲದ ಎಲೆಯಡಿಕೆಯ ಬಗ್ಗೆ ಸಾಕಷ್ಟು ಆಧಾರ ಇಲ್ಲ. ಭಾರತದ ಹೆಚ್ಚಿನ ಅಧ್ಯಯನಗಳಲ್ಲಿ ತಂಬಾಕು ಮತ್ತು ಅಡಿಕೆ ಒಂದೇ ಬಾಯಿಯಲ್ಲಿ ಬೆರೆತಿದ್ದವು. ರೋಗಕ್ಕೆ ಯಾವುದು ಕಾರಣ ಎಂದು ಬಿಡಿಸಿ ನೋಡುವ ದಾರಿ ಇರಲಿಲ್ಲ.

ಆ ದಾರಿ ತೆರೆದದ್ದು ಮುಖ್ಯವಾಗಿ ತೈವಾನ್. ಅಲ್ಲಿ ಅಡಿಕೆ ಜಗಿಯುವವರು ಅದಕ್ಕೆ ತಂಬಾಕು ಸೇರಿಸುವುದಿಲ್ಲ. ಆದರೂ ಅವರಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚಿತ್ತು. ಧೂಮಪಾನ, ಮದ್ಯಪಾನದ ಪ್ರಭಾವವನ್ನು ಲೆಕ್ಕದಿಂದ ಕಳೆದ ಮೇಲೂ ಆ ಹೆಚ್ಚಳ ಉಳಿಯಿತು. ಹೀಗಾಗಿ 2003ರಲ್ಲಿ ಮತ್ತೆ ಸಭೆ ಸೇರಿದ ತಜ್ಞರು ತಂಬಾಕು ಇಲ್ಲದ ಎಲೆಯಡಿಕೆಯನ್ನೂ ಅಡಿಕೆಯನ್ನೂ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಗುಂಪಿಗೆ, ಸೇರಿಸಿದರು. ವರದಿ 2004ರಲ್ಲಿ ಹೊರಬಂತು, 2012ರ ಸಂಪುಟ ಅದನ್ನೇ ಎತ್ತಿಹಿಡಿಯಿತು. ಇದರ ಹಿಂದೆ ಇನ್ನೊಂದು ಕೊಂಡಿಯಿದೆ. ಬಾಯಿಯ ಒಳಪದರ ಗಟ್ಟಿಯಾಗುತ್ತ ಹೋಗಿ ಕೊನೆಗೆ ಬಾಯಿ ತೆರೆಯಲೂ ಆಗದಂತೆ ಮಾಡುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಕಾಯಿಲೆಗೆ ಅಡಿಕೆಯೇ ಪ್ರಮುಖ ಕಾರಣ, ಆ ಕಾಯಿಲೆ ಮುಂದೆ ಕ್ಯಾನ್ಸರಿಗೆ ತಿರುಗಬಲ್ಲದು.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ಸರಿಪಡಿಸಬೇಕು. ಮೊದಲನೆಯದು, ಐಎಆರ್‌ಸಿಯ ಗುಂಪುಗಳು ಆಧಾರ ಎಷ್ಟು ಗಟ್ಟಿ ಎಂಬುದನ್ನು ತಿಳಿಸುತ್ತವೆಯೇ ಹೊರತು ಅಪಾಯ ಎಷ್ಟು ದೊಡ್ಡದು ಎಂಬುದನ್ನು ಹೇಳುವುದಿಲ್ಲ. ಸಿಗರೇಟು, ಮದ್ಯ, ಬಿಸಿಲು, ಸಂಸ್ಕರಿಸಿದ ಮಾಂಸ ಎಲ್ಲವೂ ಅದೇ ಮೊದಲ ಗುಂಪಿನಲ್ಲಿವೆ. ಎಲ್ಲವೂ ಸಮಾನ ಅಪಾಯಕಾರಿ ಎಂದು ಇದರ ಅರ್ಥವಲ್ಲ. ಎರಡನೆಯದು, ಈ ತಜ್ಞರು ಸ್ವತಃ ಪ್ರಯೋಗ ಮಾಡುವುದಿಲ್ಲ, ಈಗಾಗಲೇ ಪ್ರಕಟವಾಗಿ ಎಲ್ಲರಿಗೂ ಸಿಗುವ ಸಂಶೋಧನೆಗಳನ್ನು ಮಾತ್ರ ತೂಗಿ ನೋಡುತ್ತಾರೆ. ಸರ್ಕಾರಿ ಕಡತದಲ್ಲಿ ಮುಚ್ಚಿಟ್ಟ ವರದಿಗೆ ಅಲ್ಲಿ ಕವಡೆ ಕಿಮ್ಮತ್ತೂ ಇಲ್ಲ. ಈ ಎರಡನೆಯ ಅಂಶ ಮುಂದೆ ಮತ್ತೆ ಬೇಕಾಗುತ್ತದೆ.

ಬೆಳೆಗಾರರ ಆಕ್ಷೇಪದಲ್ಲಿ ಹುರುಳಿದೆಯೇ?

ಇದೆ, ಸ್ವಲ್ಪ ಇದೆ. ಬರೀ ಅಡಿಕೆಯನ್ನೇ ಜಗಿಯುವವರು ಕಡಿಮೆ. ಸುಣ್ಣ, ವೀಳ್ಯದೆಲೆ, ತಂಬಾಕು, ಸುಗಂಧ ಏನಾದರೊಂದು ಜೊತೆಗಿರುತ್ತದೆ. ಅಡಿಕೆಯೊಂದನ್ನೇ ತಿಂದವರ ಮೇಲಿನ ನೇರ ಅಧ್ಯಯನಗಳು ವಿರಳ. ಅಡಿಕೆಯನ್ನು ಮೊದಲ ಗುಂಪಿಗೆ ಸೇರಿಸುವಾಗ ತಜ್ಞರು ಪ್ರಾಣಿಗಳ ಮೇಲಿನ ಪ್ರಯೋಗಗಳನ್ನೂ, ಎಲ್ಲ ಬಗೆಯ ಎಲೆಯಡಿಕೆಯಲ್ಲಿ ಅಡಿಕೆ ಇದ್ದೇ ಇರುತ್ತದೆ ಎಂಬ ತರ್ಕವನ್ನೂ ಆಧರಿಸಿದರು. 2020ರ ಸಭೆಯಲ್ಲಿ ಅಡಿಕೆಯ ಪ್ರಮುಖ ಆಲ್ಕಲಾಯ್ಡ್ ಆದ ಅರೆಕೋಲಿನ್ ಅನ್ನು ಪ್ರತ್ಯೇಕವಾಗಿ ಪರಿಶೀಲಿಸಿದಾಗ ಅದಕ್ಕೆ ಸಿಕ್ಕಿದ್ದು ಕೆಳಗಿನ ದರ್ಜೆ: ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ 2ಬಿ ಗುಂಪು. ಇಡೀ ಕಾಯಿ ಮೊದಲ ಗುಂಪಿನಲ್ಲಿ, ಅದರೊಳಗಿನ ಮುಖ್ಯ ರಾಸಾಯನಿಕ 2ಬಿಯಲ್ಲಿ! ಗೊಂದಲವಾಗದೆ ಇನ್ನೇನಾಗುತ್ತದೆ?

ಹಣ್ಣಡಿಕೆಗೂ ಎಳೆ ಅಡಿಕೆಗೂ, ಬಿಸಿಲಿನಲ್ಲಿ ಒಣಗಿಸಿದ ನಮ್ಮ ಚಾಲಿಗೂ ಮಲೆನಾಡಿನಲ್ಲಿ ಬೇಯಿಸಿದ ಕೆಂಪಡಿಕೆಗೂ, ಊಟದ ನಂತರದ ಒಂದು ಎಲೆಗೂ ದಿನವಿಡೀ ದವಡೆಯಲ್ಲಿ ಇಟ್ಟುಕೊಳ್ಳುವ ಪುಡಿಗೂ ವ್ಯತ್ಯಾಸ ಇಲ್ಲವೇ ಎಂಬುದು ನ್ಯಾಯವಾದ ಪ್ರಶ್ನೆ. ಇದನ್ನು ಕೇಳುವ ಕೃಷಿಕನನ್ನು ಅಜ್ಞಾನಿ ಎಂದು ತಳ್ಳಿಹಾಕುವ ವೈದ್ಯರೂ ನಮ್ಮಲ್ಲಿದ್ದಾರೆ. ಆ ಧೋರಣೆ ವಿಜ್ಞಾನಕ್ಕೆ ಶೋಭೆ ತರುವುದಿಲ್ಲ.

ಆದರೆ 'ನಮ್ಮ ಅಜ್ಜ ತೊಂಬತ್ತು ವರ್ಷ ಎಲೆ ತಿಂದು ಗಟ್ಟಿಮುಟ್ಟಾಗಿದ್ದರು' ಎಂಬ ವಾದ ನಿಲ್ಲುವುದಿಲ್ಲ. ಬದುಕಿ ಉಳಿದವರನ್ನು ಮಾತ್ರ ಎಣಿಸುವ ಲೆಕ್ಕ ಅದು. ಹಾಗೆಂದು ದಂತ ವೈದ್ಯರ ಕಣ್ಣೂ ಪೂರ್ಣವಲ್ಲ. ಬಾಯಿ ತೆರೆಯಲಾಗದಂತೆ ಕಟ್ಟಿಕೊಂಡವರು ಮಾತ್ರ ಅವರ ಕುರ್ಚಿಗೆ ಬರುತ್ತಾರೆ, ಎಲೆ ತಿಂದು ಏನೂ ಆಗದವರು ಅತ್ತ ತಲೆ ಹಾಕುವುದಿಲ್ಲ. ಇಬ್ಬರ ಅನುಭವವೂ ನಿಜ, ಎರಡೂ ಅರ್ಧ. ಈ ಅರ್ಧಗಳನ್ನು ಸೇರಿಸಿ ಇಡೀ ಚಿತ್ರ ಮಾಡುವುದಕ್ಕೆಂದೇ ಹೋಲಿಕೆಯ ಗುಂಪು, ಸಂಖ್ಯಾಶಾಸ್ತ್ರ ಮುಂತಾದ ವಿಧಾನಗಳು ಹುಟ್ಟಿದ್ದು.

ಅದೇ ವಿಧಾನ ಅಂದು ತೋಟ ಉಳಿಸಿತ್ತು

ಅಡಿಕೆಗೆ ವಿಜ್ಞಾನ ಶತ್ರು ಎಂದು ಮಾತನಾಡುವವರು ಕೊಳೆರೋಗದ ಇತಿಹಾಸವನ್ನು ಒಮ್ಮೆ ನೆನೆಯಬೇಕು. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಈ ರೋಗಕ್ಕೆ, ಅಂದರೆ ಮಹಾಳಿಗೆ, ಹಿಂದೆ ಗೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುವುದೇ ಮುಖ್ಯ ಉಪಾಯ. ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕೆ ಸೇರಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಓಡಾಡಿ, ರೋಗಕ್ಕೆ ಫೈಟೋಫ್ತೊರಾ ಎಂಬ ಶಿಲೀಂಧ್ರವೇ ಕಾರಣ ಎಂದು ತೋರಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿ ನೆಲೆಯೂರಿದ್ದು ಅಲ್ಲಿಂದ. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ. ಇಂದಿಗೂ ಮಳೆ ಹಿಡಿಯುವ ಮುನ್ನ ಸುಳ್ಯ, ಪುತ್ತೂರಿನ ತೋಟಗಳಲ್ಲಿ 'ಮದ್ದು ಬಿಡುವುದು' ಎಂದರೆ ಇದೇ.

ವಿಟ್ಲದಲ್ಲಿ 1956ರಲ್ಲಿ ಶುರುವಾದ ಅಡಿಕೆ ಸಂಶೋಧನಾ ಕೇಂದ್ರದಿಂದ ಮಂಗಳ, ಸುಮಂಗಳ, ಶ್ರೀಮಂಗಳ ತಳಿಗಳು ಬಂದವು. ಬೆಲೆ ಕುಸಿತದಿಂದ ಬೆಳೆಗಾರರನ್ನು ಕಾಪಾಡಲು 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಹುಟ್ಟಿತು. ಈ ಎಲ್ಲದರಲ್ಲೂ ವಿಜ್ಞಾನವನ್ನು ಊರು ಮನಸಾರೆ ನಂಬಿತು. ಏಕೆಂದರೆ ಆಗ ವಿಜ್ಞಾನ ಹೇಳಿದ್ದು ಎಲ್ಲರಿಗೂ ಬೇಕಾದ ಉತ್ತರ. ಬೇಕಾದ ಉತ್ತರ ಹೇಳುವವನ ಸ್ವಭಾವವನ್ನು ಯಾರೂ ಪರೀಕ್ಷಿಸಲು ಹೋಗುವುದಿಲ್ಲ.

ನಿಸರ್ಗ ಬೇಗ ಗದರಿದಾಗ, ತಡವಾಗಿ ಗದರಿದಾಗ

ವಿಜ್ಞಾನಿಗಳು ಹುಟ್ಟಾ ಸತ್ಯಸಂಧರು ಎಂದು ನಂಬುವುದಕ್ಕೆ ಯಾವ ಕಾರಣವೂ ಇಲ್ಲ. ಉಳಿದ ಜನರಂತೆಯೇ ಅವರಿಗೂ ಹೆಸರಿನ ಆಸೆ, ಬಡ್ತಿಯ ಚಿಂತೆ, ಹಟ, ಜಾತಿ, ಊರಿನ ಅಭಿಮಾನ ಎಲ್ಲವೂ ಇರುತ್ತವೆ. ಆದರೆ ಕೆಲಸ ಕಲಿಯುವಾಗ ಅಂಟಿಕೊಳ್ಳುವ ಕೆಲವು ಅಭ್ಯಾಸಗಳು ನಿಧಾನವಾಗಿ ಸ್ವಭಾವವಾಗುತ್ತವೆ. ಪ್ರಯೋಗದ ಪುಸ್ತಕದಲ್ಲಿ ತಪ್ಪಾದ ಅಂಕಿಯನ್ನು ಅಳಿಸಬಾರದು, ಒಂದು ಗೆರೆ ಎಳೆದು ಹಾಗೆಯೇ ಬಿಡಬೇಕು. ಅಂಗಾಂಶದ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ಓದುವ ರೋಗಶಾಸ್ತ್ರಜ್ಞನಿಗೆ ಅದು ಅಡಿಕೆ ತಿನ್ನುವವನದೋ ಅಲ್ಲದವನದೋ ಗೊತ್ತಿರಬಾರದು. ಸೆಮಿನಾರಿನಲ್ಲಿ ಎಲ್ಲರ ಮುಂದೆ ಪ್ರಶ್ನೆ ಬಿದ್ದಾಗ ಕೋಪ ನುಂಗಿಕೊಂಡು ಉತ್ತರಿಸಬೇಕು. ವರ್ಷಗಟ್ಟಲೆ ಹೀಗೆ ಪಳಗಿದವರಿಗೆ ತಮ್ಮ ಆಸೆಯನ್ನೇ ಅನುಮಾನಿಸುವುದು ರೂಢಿಯಾಗುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1942ರಲ್ಲಿ ವಿಜ್ಞಾನದ ಒಳಗಿನ ಕಟ್ಟುಪಾಡುಗಳನ್ನು ನಾಲ್ಕಾಗಿ ವಿಂಗಡಿಸಿದರು: ಜ್ಞಾನ ಎಲ್ಲರ ಸೊತ್ತು, ಹೇಳಿದವನ ಕುಲಗೋತ್ರ ಮುಖ್ಯವಲ್ಲ, ಸ್ವಂತ ಲಾಭಕ್ಕೆ ಜಾಗವಿಲ್ಲ, ಯಾವುದನ್ನೂ ಪರೀಕ್ಷಿಸದೆ ಒಪ್ಪುವಂತಿಲ್ಲ. ಇವು ಒಬ್ಬೊಬ್ಬರ ಸದ್ಗುಣಗಳಿಗಿಂತ ಹೆಚ್ಚಾಗಿ ಒಂದು ಸಮುದಾಯ ತನ್ನವರ ಮೇಲೆ ಹೇರುವ ನಿಯಮಗಳು ಎಂಬುದು ಮರ್ಟನ್ ಅವರ ವಾದದ ತಿರುಳು.

ಈ ನಿಯಮಗಳು ಎಲ್ಲ ಶಾಖೆಗಳಲ್ಲೂ ಒಂದೇ ಬಲದಿಂದ ಕೆಲಸ ಮಾಡುವುದಿಲ್ಲ ಎಂಬುದನ್ನು ಮಾತ್ರ ನಾವು ಹೆಚ್ಚಾಗಿ ಗಮನಿಸುವುದಿಲ್ಲ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಇಸ್ರೊ ಅಧ್ಯಕ್ಷರಾಗಿದ್ದಾಗ ಎಎಸ್‌ಎಲ್‌ವಿ ರಾಕೆಟ್ 1987ರಲ್ಲಿ ಒಮ್ಮೆ, 1988ರಲ್ಲಿ ಇನ್ನೊಮ್ಮೆ ವಿಫಲವಾಯಿತು. ದೇಶವೇ ನೋಡುತ್ತಿರುವಾಗ ಬಿದ್ದ ರಾಕೆಟ್ಟನ್ನು ಯಾವ ಮಾತಿನಿಂದಲೂ ಮೇಲೆತ್ತಲಾಗದು. ಕಾರಣ ಹುಡುಕಿದರು, ವಿನ್ಯಾಸ ತಿದ್ದಿದರು, 1992ರಲ್ಲಿ ಅದು ಹಾರಿತು. ಬೋರ್ಡೋ ದ್ರಾವಣದ ಪಾಕ ಕೆಟ್ಟರೆ ಅದೇ ಮಳೆಗಾಲದಲ್ಲಿ ಮರದ ಬುಡದಲ್ಲಿ ಕಾಯಿ ಉದುರಿ ಗೊತ್ತಾಗುತ್ತದೆ. ಇಂಥ ಕಡೆ ನಿಸರ್ಗ ಬೇಗ ಗದರುತ್ತದೆ, ಸುಳ್ಳು ಹೇಳಿ ಪ್ರಯೋಜನವಿಲ್ಲ, ಪ್ರಾಮಾಣಿಕತೆ ಅಗ್ಗದಲ್ಲಿ ಸಿಗುತ್ತದೆ.

ಕ್ಯಾನ್ಸರಿನ ಸಂಗತಿಯೇ ಬೇರೆ. ಇಪ್ಪತ್ತರಲ್ಲಿ ಶುರುವಾದ ಚಟ ಐವತ್ತರಲ್ಲಿ ಗಂಟಾಗಿ ಕಾಣಿಸಿಕೊಳ್ಳಬಹುದು. ಇಂದು ತಪ್ಪು ತೀರ್ಮಾನ ಕೊಟ್ಟ ವಿಜ್ಞಾನಿ, ಅದು ತಪ್ಪೆಂದು ಗೊತ್ತಾಗುವ ಹೊತ್ತಿಗೆ ನಿವೃತ್ತನಾಗಿರುತ್ತಾನೆ. ಜಗಿದ ಎಲ್ಲರಿಗೂ ರೋಗ ಬರುವುದಿಲ್ಲ, ಬಂದವರೆಲ್ಲ ಜಗಿದವರಲ್ಲ. ನಡುವೆ ನೂರು ಕಾರಣಗಳು ನುಸುಳುತ್ತವೆ. ಗದರಿಕೆ ಇಷ್ಟು ತಡವಾಗಿ, ಇಷ್ಟು ಮಸುಕಾಗಿ ಬರುವಲ್ಲಿ ವ್ಯಕ್ತಿಯ ಒಳ್ಳೆಯತನವನ್ನು ನಂಬಿ ಕುಳಿತುಕೊಳ್ಳಲು ಆಗುವುದಿಲ್ಲ. ನಿಸರ್ಗ ಮಾಡಬೇಕಾದ ಕಾವಲನ್ನು ಅಲ್ಲಿ ಏರ್ಪಾಡುಗಳು ಮಾಡಬೇಕು.

ಸಿಗರೇಟಿನ ಪಾಠ: ಇಬ್ಬರು ಬ್ರಿಟಿಷರು

ಇದಕ್ಕೆ ಬ್ರಿಟನ್ನಿನ ಸಿಗರೇಟು ವಿವಾದಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ಎರಡನೇ ಮಹಾಯುದ್ಧದ ನಂತರ ಅಲ್ಲಿ ಶ್ವಾಸಕೋಶದ ಕ್ಯಾನ್ಸರ್ ಏರುತ್ತಿತ್ತು. ಕಾರಣ ಹುಡುಕಲು ಹೊರಟ ರಿಚರ್ಡ್ ಡಾಲ್ ಅವರಿಗೆ ಮೊದಲು ಅನುಮಾನ ಇದ್ದದ್ದು ಮೋಟಾರು ವಾಹನಗಳ ಹೊಗೆ ಮತ್ತು ರಸ್ತೆಯ ಡಾಂಬರಿನ ಮೇಲೆ. ಅವರು ಸ್ವತಃ ಸಿಗರೇಟು ಸೇದುತ್ತಿದ್ದರು. ಆಸ್ಪತ್ರೆಯ ರೋಗಿಗಳ ಲೆಕ್ಕ ಬೇರೆಯೇ ದಿಕ್ಕನ್ನು ತೋರಿಸತೊಡಗಿದಾಗ, ಅಧ್ಯಯನ ಮುಗಿಯುವ ಮೊದಲೇ ಅವರು ಸಿಗರೇಟು ಬಿಟ್ಟರು. ಆಸ್ಟಿನ್ ಬ್ರಾಡ್‌ಫೋರ್ಡ್ ಹಿಲ್ ಜೊತೆಗೂಡಿ 1950ರಲ್ಲಿ ಫಲಿತಾಂಶ ಪ್ರಕಟಿಸಿದರು.

ಅದನ್ನು ಬಲವಾಗಿ ವಿರೋಧಿಸಿದವರು ಸಾಮಾನ್ಯರಲ್ಲ. ಇಂದು ಪ್ರತಿ ವಿಜ್ಞಾನ ವಿದ್ಯಾರ್ಥಿ ಬಳಸುವ ಸಂಖ್ಯಾಶಾಸ್ತ್ರದ ತಳಹದಿ ಹಾಕಿದ ರೊನಾಲ್ಡ್ ಫಿಶರ್. ಧೂಮಪಾನದ ಚಪಲಕ್ಕೂ ಕ್ಯಾನ್ಸರಿಗೂ ಒಂದೇ ಆನುವಂಶಿಕ ಮೂಲ ಇರಬಹುದಲ್ಲ ಎಂದು ಅವರು ಕೇಳಿದರು. ತರ್ಕದ ದೃಷ್ಟಿಯಿಂದ ಅದು ಸರಿಯಾದ ಪ್ರಶ್ನೆಯೇ. ಆದರೆ ಫಿಶರ್ ಪೈಪ್ ಸೇದುವವರು, ತಂಬಾಕು ತಯಾರಕರ ಸಂಘಕ್ಕೆ ಸಲಹೆಗಾರರೂ ಆಗಿದ್ದರು. ಆಧಾರಗಳು ಗುಡ್ಡೆ ಬಿದ್ದರೂ ಅವರು ಕದಲಲಿಲ್ಲ. ಪ್ರತಿಭೆ ಅವರನ್ನು ತಪ್ಪಿನಿಂದ ಕಾಪಾಡಲಿಲ್ಲ. ಆ ತಪ್ಪಿಗೆ ಸೊಗಸಾದ ವಾದಗಳನ್ನು ಒದಗಿಸಿತು, ಅಷ್ಟೇ.

ಡಾಲ್ ಒಳ್ಳೆಯವರು, ಫಿಶರ್ ಕೆಟ್ಟವರು ಎಂದು ಕಥೆಯನ್ನು ಇಲ್ಲಿಗೇ ಮುಗಿಸುವುದು ಸುಲಭ. ಆದರೆ ಡಾಲ್ 2005ರಲ್ಲಿ ತೀರಿಕೊಂಡ ಮರುವರ್ಷ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಅವರು ವರ್ಷಗಳ ಕಾಲ ರಾಸಾಯನಿಕ ಕಂಪನಿ ಮೊನ್ಸಾಂಟೊದಿಂದ ಸಲಹೆಗಾರರ ಸಂಭಾವನೆ ಪಡೆಯುತ್ತಿದ್ದರು. ಅದು ಅವರ ತೀರ್ಮಾನಗಳನ್ನು ಬದಲಿಸಿತೇ ಎಂಬುದು ಇಂದಿಗೂ ವಿವಾದದ ವಿಷಯ. ಸಂಬಂಧವನ್ನು ಎಲ್ಲರಿಗೂ ತಿಳಿಸಬೇಕು ಎಂಬ ಕಟ್ಟುನಿಟ್ಟು ಆ ಕಾಲದಲ್ಲಿ ಇರಲಿಲ್ಲ. ತನ್ನ ಅಂಕಿಅಂಶಕ್ಕೆ ತಲೆಬಾಗಿ ಚಟ ಬಿಟ್ಟ ಮನುಷ್ಯನೇ ಇನ್ನೊಂದು ಕಡೆ ಕೇಳುವವರಿಲ್ಲದಿದ್ದಾಗ ಮೌನವಾಗಿದ್ದ. ಒಮ್ಮೆ ತೋರಿಸಿದ ಪ್ರಾಮಾಣಿಕತೆ ಜೀವನಪರ್ಯಂತದ ಠೇವಣಿಯಲ್ಲ.

ಅಂಕಗಳ ಒತ್ತಡ

ಸ್ವಭಾವವನ್ನು ತಿದ್ದುವ ಏರ್ಪಾಡು ಅದನ್ನು ಕೆಡಿಸಲೂ ಬಲ್ಲದು. ವಿಶ್ವವಿದ್ಯಾಲಯಗಳ ಶ್ರೇಯಾಂಕ, ಅಧ್ಯಾಪಕರ ಬಡ್ತಿ, ಪಿಎಚ್‌.ಡಿ. ಎಲ್ಲವನ್ನೂ ಪ್ರಕಟಣೆಗಳ ಸಂಖ್ಯೆಗೆ ಕಟ್ಟಿಹಾಕಿದ ಮೇಲೆ ನಮ್ಮಲ್ಲಿ ಹಣ ಕೊಟ್ಟರೆ ಏನನ್ನೂ ಅಚ್ಚು ಹಾಕುವ ನಿಯತಕಾಲಿಕೆಗಳು ಅಣಬೆಗಳಂತೆ ಎದ್ದವು. 2018ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ನಿಯತಕಾಲಿಕೆಗಳನ್ನು ತೆಗೆದುಹಾಕಬೇಕಾಯಿತು. ಅದೇ ವರ್ಷ ಕೃತಿಚೌರ್ಯ ತಡೆಯುವ ನಿಯಮ ಬಂತು. 2022ರಲ್ಲಿ ಪಿಎಚ್‌.ಡಿ.ಗೆ ಮೊದಲು ಲೇಖನ ಪ್ರಕಟಿಸಲೇಬೇಕು ಎಂಬ ಷರತ್ತನ್ನು ಕೈಬಿಟ್ಟರು. 2025ರಲ್ಲಿ ರಾಷ್ಟ್ರೀಯ ಶ್ರೇಯಾಂಕ ವ್ಯವಸ್ಥೆಯಾದ ಎನ್‌ಐಆರ್‌ಎಫ್, ಹಿಂತೆಗೆದುಕೊಂಡ ಸಂಶೋಧನಾ ಲೇಖನಗಳಿಗೆ ಋಣಾಂಕ ಕೊಡಲು ಆರಂಭಿಸಿತು.

ಸುರತ್ಕಲ್, ಕೊಣಾಜೆ, ಮಣಿಪಾಲ, ದೇರಳಕಟ್ಟೆ: ಇಷ್ಟು ಚಿಕ್ಕ ಪ್ರದೇಶದಲ್ಲಿ ಇಷ್ಟೊಂದು ಉನ್ನತ ಶಿಕ್ಷಣ ಸಂಸ್ಥೆಗಳು ರಾಜ್ಯದ ಬೇರೆ ಕಡೆ ಸಿಗುವುದು ಅಪರೂಪ. ಹಾಗಾಗಿ ಈ ನಿಯಮಗಳು ದೆಹಲಿಯ ಸುದ್ದಿಯಾಗಿ ಉಳಿಯದೆ ನಮ್ಮ ಮನೆಗಳ ಮಾತಾಗುತ್ತವೆ. ಎರಡು ವರ್ಷ ಶ್ರಮಪಟ್ಟು 'ನಾನು ಊಹಿಸಿದಂತೆ ಏನೂ ಸಿಗಲಿಲ್ಲ' ಎಂದು ಬರೆದ ಸಂಶೋಧಕಿಗೆ ಅಂಕ ಎಷ್ಟು? ಬಹುಪಾಲು ಸೊನ್ನೆ. ಪ್ರಯೋಗಾಲಯ ಒಂದು ಮೌಲ್ಯವನ್ನು ಕಲಿಸುತ್ತದೆ, ಬಡ್ತಿಯ ಅರ್ಜಿ ಇನ್ನೊಂದನ್ನು ಕಲಿಸುತ್ತದೆ. ಗುರುವಿಗೆ ಎದುರಾಡಬಾರದು ಎಂದು ಮನೆಯಲ್ಲಿ ಕಲಿತು ಬಂದ ಮಕ್ಕಳು ಮಾರ್ಗದರ್ಶಕರ ಊಹೆ ತಪ್ಪೆಂದು ತೋರಿಸುವುದು ಮೊದಲೇ ಕಷ್ಟ. ಮಾರ್ಗದರ್ಶಕರ ಸಹಿಯ ಮೇಲೆ ಪದವಿಯೂ ನಿಂತಿರುವಾಗ ಇನ್ನೂ ಕಷ್ಟ. ಋಣಾಂಕ ಕಳ್ಳರನ್ನು ಹೆದರಿಸೀತು. ಇಷ್ಟವಿಲ್ಲದ ಫಲಿತಾಂಶವನ್ನು ಧೈರ್ಯವಾಗಿ ಮುಂದಿಡುವವರಿಗೆ ಅದರಿಂದ ಏನೂ ಸಿಗುವುದಿಲ್ಲ.

ಪಡ್ರೆ ಕಲಿಸಿದ್ದು

ಈ ಭಾಗದ ಜನ ಇಂಥ ಗೊಂದಲವನ್ನು ಮೊದಲ ಬಾರಿ ನೋಡುತ್ತಿರುವುದಲ್ಲ. ಎಂಡೋಸಲ್ಫಾನ್ ನೆನಪಿಸಿಕೊಳ್ಳಿ. ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯ ಪಡ್ರೆಯಲ್ಲಿ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಕೀಟನಾಶಕ ಸುರಿಯಿತು. ಗಡಿಯ ಈಚೆ ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸುತ್ತಲೂ ಅದೇ ಕಥೆ. ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಅಸಹಜವಾದ ಕಾಯಿಲೆಗಳು ಮನೆಮನೆಯಲ್ಲಿ ಮರುಕಳಿಸುವುದನ್ನು ಗಮನಿಸಿ, ಅದನ್ನು ದಾಖಲಿಸಿ, ವೈದ್ಯಲೋಕದ ಗಮನಕ್ಕೆ ತಂದರು.

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಪ್ರಯೋಗಾಲಯ ಅಲ್ಲಿನ ಮಾದರಿಗಳಲ್ಲಿ ಕೀಟನಾಶಕದ ಭಾರೀ ಪ್ರಮಾಣ ಇದೆ ಎಂದಿತು. ಸಿಂಪಡಣೆ ನಡೆಸಿದ ನಿಗಮವೇ ಮಾಡಿಸಿದ ಇನ್ನೊಂದು ಪರೀಕ್ಷೆ ಹಾಗೇನೂ ಇಲ್ಲ ಎಂದಿತು. ಒಂದೇ ಊರು, ಒಂದೇ ವರ್ಷ, ಎರಡು ಪ್ರಯೋಗಾಲಯ, ಎರಡು ಉತ್ತರ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಸಿಂಪಡಣೆ ಇಲ್ಲದ ಮೀಂಜದ ಮಕ್ಕಳನ್ನು ಹೋಲಿಕೆಗೆ ಇಟ್ಟುಕೊಂಡು ಪಡ್ರೆಯ ಮಕ್ಕಳನ್ನು ಪರೀಕ್ಷಿಸಿ ವ್ಯತ್ಯಾಸ ಕಂಡಿತು. ಆ ವರದಿಯ ವಿಧಾನದ ಮೇಲೂ ಆಕ್ಷೇಪಗಳು ಬಂದವು, ಸಮಿತಿಯ ಮೇಲೆ ಸಮಿತಿ ಕೂತಿತು. ಸುಪ್ರೀಂ ಕೋರ್ಟ್ ದೇಶವ್ಯಾಪಿ ನಿಷೇಧ ಹೇರಿದ್ದು 2011ರ ಮೇ ತಿಂಗಳಲ್ಲಿ.

ಆ ಹತ್ತು ವರ್ಷಗಳಲ್ಲಿ ಎಲ್ಲ ಪಕ್ಷದವರೂ ವಿಜ್ಞಾನದ ಹೆಸರಿನಲ್ಲೇ ಮಾತನಾಡಿದರು. ಮಾದರಿಯನ್ನು ಯಾರು ಆರಿಸಿದರು, ಎಲ್ಲಿಂದ ತೆಗೆದರು, ಖರ್ಚು ಯಾರದ್ದು, ಕಚ್ಚಾ ಅಂಕಿಅಂಶ ಬೇರೆಯವರಿಗೆ ಸಿಗುತ್ತದೆಯೇ ಎಂಬ ಪ್ರಶ್ನೆಗಳಿಗೆ ಎಲ್ಲರೂ ಒಪ್ಪುವ ಉತ್ತರ ಮೊದಲೇ ಇದ್ದಿದ್ದರೆ ಇಷ್ಟು ವರ್ಷ ಹಿಡಿಯುತ್ತಿರಲಿಲ್ಲ. ಆಗ ಜನರ ಕಣ್ಣಿನಲ್ಲಿ ಅನುಮಾನ ಇದ್ದದ್ದು ಕೀಟನಾಶಕದ ಪರ ಮಾತನಾಡಿದ ವಿಜ್ಞಾನಿಗಳ ಮೇಲೆ. ಈಗ ಅಡಿಕೆಯ ವಿರುದ್ಧ ಮಾತನಾಡುವವರ ಮೇಲೆ. ನಮ್ಮ ಲಾಭ ಯಾವ ಕಡೆ ಇದೆಯೋ ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಅನುಮಾನ ಬೆಳೆಯುತ್ತದೆ.

ಈ ಅಧ್ಯಯನದಲ್ಲಿ ಗಮನಿಸಬೇಕಾದ್ದು

ಹಾಗಾದರೆ ಅಡಿಕೆ ಅಧ್ಯಯನದ ತೂಕವನ್ನು ಅಳೆಯುವುದು ಹೇಗೆ? ತಂಡದಲ್ಲಿರುವ ಸಂಸ್ಥೆಗಳ ಹೆಸರು ಎಷ್ಟು ದೊಡ್ಡದು ಎಂಬುದಕ್ಕಿಂತ ಪ್ರಶ್ನೆಯನ್ನು ಹೇಗೆ ಕಟ್ಟಿದ್ದಾರೆ ಎಂಬುದು ಮುಖ್ಯ. 'ಹಾನಿ ಇಲ್ಲ ಎಂದು ತೋರಿಸುವುದು' ಗುರಿಯಾದರೆ ಹಾನಿ ಕಂಡ ಪ್ರಯೋಗ ಸೋತ ಪ್ರಯೋಗವಾಗುತ್ತದೆ, ಅದನ್ನು ಮಾಡಿದವರು ಸೋತವರಾಗುತ್ತಾರೆ. 'ಎಷ್ಟು ಪ್ರಮಾಣದಲ್ಲಿ, ಯಾವ ರೂಪದಲ್ಲಿ, ಎಷ್ಟು ವರ್ಷಕ್ಕೆ ಏನಾಗುತ್ತದೆ' ಎಂಬುದು ಗುರಿಯಾದರೆ ಯಾವ ಉತ್ತರ ಬಂದರೂ ಗೆಲುವೇ. ಎರಡನೆಯ ಬಗೆಯ ತಂಡದಲ್ಲಿ ಕೆಲಸ ಮಾಡುವ ಯುವ ಸಂಶೋಧಕರಿಗೆ ಧೈರ್ಯ ತಾನಾಗಿ ಬರುತ್ತದೆ. ಮೊದಲ ಬಗೆಯದರಲ್ಲಿ ಎಂಥ ಸತ್ಯವಂತನೂ ಒಳಗೊಳಗೇ ಸವೆಯುತ್ತಾನೆ.

ಎಷ್ಟು ಇಲಿಗಳು, ಯಾವ ತಳಿಯ ಅಡಿಕೆ, ಎಷ್ಟು ತಿಂಗಳು, ಯಾವ ಬದಲಾವಣೆ ಕಂಡರೆ ಹಾನಿ ಎಂದು ಕರೆಯುವುದು ಎಂಬುದನ್ನೆಲ್ಲ ಪ್ರಯೋಗಕ್ಕೆ ಮೊದಲೇ ಬರೆದು ಬಹಿರಂಗಪಡಿಸಬೇಕು. ಮನುಷ್ಯರ ಮೇಲಿನ ಔಷಧ ಪ್ರಯೋಗಗಳಿಗೆ ಈ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ 2007ರಲ್ಲಿ ಶುರುವಾಗಿ 2009ರಲ್ಲಿ ಕಡ್ಡಾಯವಾಯಿತು. ಉತ್ತರ ಬಂದ ಮೇಲೆ ಪ್ರಶ್ನೆಯನ್ನು ಅದಕ್ಕೆ ಹೊಂದುವಂತೆ ತಿದ್ದುವ ಚಾಳಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಪ್ರಕಟಣೆಗೆ ಯಾರ ಅನುಮತಿಯೂ ಬೇಕಿಲ್ಲ ಎಂಬ ಷರತ್ತು ಒಪ್ಪಂದದಲ್ಲೇ ಇರಬೇಕು. ಫಲಿತಾಂಶ ಸಚಿವಾಲಯದ ಮೇಜಿನ ಮೇಲೆ ಧೂಳು ತಿಂದರೆ, ಮೊದಲೇ ಹೇಳಿದಂತೆ, ಲಿಯೋನಿನ ತಜ್ಞರ ತಕ್ಕಡಿಗೆ ಅದು ಏರುವುದೇ ಇಲ್ಲ. ಬೆಳೆಗಾರರ ಹಿತವೂ ಇದರಲ್ಲೇ ಇದೆ. ಅನುಕೂಲಕರ ಉತ್ತರ ಬಂದು, ಅದನ್ನು ಒಲಿಸಿಕೊಂಡು ಬರೆಸಿದ್ದು ಎಂಬ ಅನುಮಾನ ಉಳಿದರೆ ಆ ಉತ್ತರಕ್ಕೆ ಹೊರಗೆ ಬೆಲೆ ಸಿಗದು.

ಉತ್ತರ ಬಂದ ಮೇಲೆ

ಒಂದು ಅಧ್ಯಯನದಿಂದ ಅಡಿಕೆ ಮೊದಲ ಗುಂಪಿನಿಂದ ಕೆಳಗಿಳಿಯುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ದಶಕಗಳ ದಾಖಲೆಯ ಎದುರು ಅದು ಒಂದು ಹೊಸ ಸೇರ್ಪಡೆ, ಅಷ್ಟೇ. ಹೆಚ್ಚು ಸಂಭವನೀಯವಾದದ್ದು ಷರತ್ತುಬದ್ಧ ಉತ್ತರ: ಇಷ್ಟು ಪ್ರಮಾಣದವರೆಗೆ, ಈ ರೂಪದಲ್ಲಿ ಅಪಾಯ ಕಡಿಮೆ ಕಂಡಿತು, ಆ ರೂಪದಲ್ಲಿ ಹೆಚ್ಚು ಕಂಡಿತು. ಅಂಥ ಉತ್ತರ ಬಂದಾಗ ಎರಡೂ ಕಡೆಯವರು ತಮಗೆ ಬೇಕಾದ ಅರ್ಧವನ್ನು ಹರಿದುಕೊಂಡು ಹೋಗುವುದು ಖಚಿತ. ಸಂಶೋಧಕರು ಆಗ ಸುಮ್ಮನಿರುತ್ತಾರೋ, ಮುಂದೆ ಬಂದು 'ನಾವು ಹೇಳಿದ್ದು ಇಷ್ಟೇ' ಎನ್ನುತ್ತಾರೋ ಎಂಬುದು ವರದಿಯಷ್ಟೇ ಮಹತ್ವದ್ದು.

ಇನ್ನೊಂದು ಮಾತನ್ನು ಸಭೆಗಳಲ್ಲಿ ಯಾರೂ ಎತ್ತುತ್ತಿಲ್ಲ. ಮದುವೆಯ ವೀಳ್ಯ, ನಾಗನಿಗೆ ಅರ್ಪಿಸುವ ಹಿಂಗಾರ, ಊಟದ ನಂತರದ ಎಲೆ ಇವುಗಳ ಹೆಸರಿನಲ್ಲಿ ಅಡಿಕೆಯನ್ನು ಸಮರ್ಥಿಸಿಕೊಳ್ಳುತ್ತೇವೆ. ಆದರೆ ಕರಾವಳಿಯ ಚಾಲಿಗೆ ಬೆಲೆ ಬರುವುದು ಊರಿನ ಹರಿವಾಣಗಳಿಂದಲ್ಲ, ಉತ್ತರ ಭಾರತದ ಬೇಡಿಕೆಯಿಂದ. ಅದರಲ್ಲಿ ಪಾನ್ ಮಸಾಲಾ ಕಾರ್ಖಾನೆಗಳ ಪಾಲು ಸಣ್ಣದಲ್ಲ. ತಂಬಾಕು ಬೆರೆಸಿದ ಗುಟ್ಕಾವನ್ನು ಕರ್ನಾಟಕ 2013ರಲ್ಲಿ ನಿಷೇಧಿಸಿತು. ತಂಬಾಕಿಲ್ಲದ ಪಾನ್ ಮಸಾಲಾ ಅಂಗಡಿಯಲ್ಲಿ ಉಳಿಯಿತು, ಪಕ್ಕದಲ್ಲೇ ತಂಬಾಕಿನ ಪೊಟ್ಟಣವೂ ಸಿಗುತ್ತದೆ. ಚಿಕ್ಕ ವಯಸ್ಸಿನಲ್ಲೇ ಬಾಯಿ ಕಟ್ಟಿಕೊಂಡು ಬರುವವರಲ್ಲಿ ಬಹಳ ಮಂದಿ ಹಿಡಿದದ್ದು ಈ ಪೊಟ್ಟಣವನ್ನು. ಶುದ್ಧ ಹಣ್ಣಡಿಕೆಯ ರಸವನ್ನು ಮಾತ್ರ ಇಲಿಗೆ ಕೊಟ್ಟು ಹಾನಿ ಇಲ್ಲ ಎಂದು ತೋರಿಸಿದರೂ ಆ ಪೊಟ್ಟಣದ ಬಗ್ಗೆ ಏನನ್ನೂ ಹೇಳಿದಂತಾಗುವುದಿಲ್ಲ. ಮುಂದಿನ ನಿರ್ಬಂಧ, ಎಚ್ಚರಿಕೆಯ ಚಿತ್ರ, ತೆರಿಗೆ ಏನೇ ಬಂದರೂ ಬೀಳುವುದು ಪೊಟ್ಟಣದ ಮೇಲೆ, ಅಲ್ಲಿಂದ ಮಂಗಳೂರಿನ ಮಾರುಕಟ್ಟೆಯ ಧಾರಣೆಯ ಮೇಲೆ. ಆದ್ದರಿಂದ ಪ್ರಯೋಗದ ಯೋಜನೆ ಬಹಿರಂಗವಾದ ದಿನ ಬೆಳೆಗಾರರ ಸಂಘಗಳು ಮೊದಲು ನೋಡಬೇಕಾದದ್ದು ಪರೀಕ್ಷೆಗೆ ಆರಿಸಿಕೊಂಡ ಮಾದರಿಗಳ ಪಟ್ಟಿಯನ್ನು. ಅದರಲ್ಲಿ ಪಾನ್ ಮಸಾಲಾ ಇಲ್ಲದಿದ್ದರೆ ಏಕೆ ಇಲ್ಲ ಎಂದು ಕೇಳಬೇಕಾದವರೂ ಅವರೇ.